ಡ್ಯೂಟಿ ನಡುವೆ ಎನ್‌ಕ್ಲೆಕ್ಸ್-ಆರ್‌ಎನ್ ತಯಾರಿ: ಹಾಸನ, ಚಿಕ್ಕಮಗಳೂರಿನ ಸ್ಟಾಫ್ ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಆಸ್ಪತ್ರೆಗಳಲ್ಲಿ ಶಿಫ್ಟ್ ಮಾಡುತ್ತಲೇ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್-ಆರ್‌ಎನ್‌ಗೆ ಕೂರಬೇಕು ಅಂದುಕೊಂಡವರಿಗಾಗಿ ಇದನ್ನು ಬರೆದಿದ್ದೇವೆ. ದಿನವಿಡೀ ಓದಲು ಬಿಡುವಿರುವವರಿಗೆ ದಾರಿ ನೂರಿದೆ. ದಿನಕ್ಕೆ ಒಂದೂವರೆ ಗಂಟೆ ಮಾತ್ರ ಸಿಗುವವರು ಆ ಗಂಟೆಯನ್ನು ಎಲ್ಲಿ ಹಾಕಬೇಕು ಅನ್ನುವುದೇ ಇಲ್ಲಿನ ವಿಷಯ.

ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿದ್ದೇನೆ. ಮತ್ತೆ ಪರೀಕ್ಷೆ ಯಾಕೆ?

ಆ ರಿಜಿಸ್ಟ್ರೇಷನ್ ಇಲ್ಲಿ ಕೆಲಸ ಮಾಡಲು ಸಾಕು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಅದಕ್ಕೆ ಎನ್‌ಕ್ಲೆಕ್ಸ್-ಆರ್‌ಎನ್ ಪಾಸಾಗಿರಬೇಕು. ಬಿಎಸ್ಸಿ ನರ್ಸಿಂಗ್ ಮಾಡಿದವರಿಗಷ್ಟೇ ಅಲ್ಲ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರಿಗೂ ಹಲವು ರಾಜ್ಯಗಳಲ್ಲಿ ಅವಕಾಶವಿದೆ. ಆದರೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗೆಳತಿಗೆ ನಡೆದದ್ದು ನಿಮಗೂ ನಡೆಯುತ್ತದೆ ಅಂದುಕೊಳ್ಳದೆ, ನೀವು ಆರಿಸಿದ ರಾಜ್ಯದ ಬೋರ್ಡಿನ ಜಾಲತಾಣವನ್ನೇ ಓದಿ. ದುಬೈ, ಸೌದಿ, ಕತಾರ್‌ಗೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆಗಳು ಬೇರೆ, ಬ್ರಿಟನ್ನಿನ ಸಿಬಿಟಿ ಮತ್ತು ಆಸ್ಕಿ ಪರೀಕ್ಷೆಗಳು ಬೇರೆ. ಮೂರಕ್ಕೂ ಒಟ್ಟಿಗೆ ಓದುತ್ತೇನೆ ಅಂದರೆ ಇರುವ ಸ್ವಲ್ಪ ಸಮಯವೂ ಹಂಚಿಹೋಗುತ್ತದೆ.

ಪರೀಕ್ಷೆ ಹೇಗಿರುತ್ತದೆ?

ಕಂಪ್ಯೂಟರ್ ಮುಂದೆ ಗರಿಷ್ಠ 5 ಗಂಟೆ. ಕನಿಷ್ಠ 85 ಪ್ರಶ್ನೆ, ಗರಿಷ್ಠ 150. ಇದರಲ್ಲಿ 15 ಪ್ರಶ್ನೆಗಳಿಗೆ ಅಂಕವಿಲ್ಲ. ಮುಂದೆ ಬಳಸಬಹುದೇ ಎಂದು ಅವನ್ನು ಪರೀಕ್ಷಿಸಿ ನೋಡುತ್ತಿರುತ್ತಾರೆ, ಯಾವ 15 ಎಂದು ನಮಗೆ ಗೊತ್ತಾಗುವುದಿಲ್ಲ. ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಹೋದಮೇಲೆ ಹಿಂದೆ ಬರುವಂತಿಲ್ಲ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ತುಸು ಕಠಿಣವಾಗುತ್ತದೆ, ತಪ್ಪಿದರೆ ತುಸು ಸುಲಭವಾಗುತ್ತದೆ. ಹಾಗಾಗಿ ಚೆನ್ನಾಗಿ ಮಾಡುತ್ತಿರುವವರಿಗೂ ಪ್ರಶ್ನೆಗಳು ಕಷ್ಟವೆನಿಸುತ್ತಲೇ ಇರುತ್ತವೆ, ಅದಕ್ಕೆ ಗಾಬರಿಯಾಗಬೇಡಿ. ನಿಮ್ಮ ಮಟ್ಟ ಪಾಸ್ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಶೇ. 95ರಷ್ಟು ಖಚಿತವಾದ ಕೂಡಲೇ ಕಂಪ್ಯೂಟರ್ ಪರೀಕ್ಷೆಯನ್ನು ನಿಲ್ಲಿಸುತ್ತದೆ.

2023ರ ಏಪ್ರಿಲ್‌ನಿಂದ ಮಾದರಿ ಬದಲಾಗಿದೆ. ಎಲ್ಲರಿಗೂ 3 ಕೇಸ್ ಸ್ಟಡಿ ಬರುತ್ತವೆ, ಒಂದೊಂದರಲ್ಲಿ 6 ಪ್ರಶ್ನೆ. ಸೀನಿಯರ್ ಯಾರಾದರೂ ತಮ್ಮ ಹಳೆಯ ಪುಸ್ತಕ ಕೊಟ್ಟರೆ ಮುದ್ರಣದ ವರ್ಷ ನೋಡಿ. ವಿಷಯಕ್ಕೆ ಅದು ನಡೆದೀತು, ಪ್ರಶ್ನೆ ಮಾದರಿಗೆ ನಡೆಯದು.

ವಾರಕ್ಕೆ ಆರು ದಿನ ಡ್ಯೂಟಿ. ಎಷ್ಟು ತಿಂಗಳು ಬೇಕು?

ತಿಂಗಳ ಲೆಕ್ಕ ಬಿಡಿ, ಗಂಟೆಯ ಲೆಕ್ಕ ಹಾಕಿ. ಓದು ಮುಗಿದು ಐದಾರು ವರ್ಷದೊಳಗಿದ್ದು, ವಾರ್ಡಿನಲ್ಲಿ ಕೆಲಸ ಮಾಡುತ್ತಿರುವವರಿಗೆ 160ರಿಂದ 200 ಗಂಟೆ ಹಿಡಿಯುತ್ತದೆ ಎಂಬುದು ನಮ್ಮ ಅಂದಾಜು. ಡ್ಯೂಟಿಯ ಐದು ದಿನ ಒಂದೂವರೆ ಗಂಟೆ, ವಾರದ ರಜೆಯ ದಿನ ನಾಲ್ಕು ಗಂಟೆ, ಒಂದು ದಿನ ಪೂರ್ತಿ ಬಿಡುವು. ವಾರಕ್ಕೆ ಹನ್ನೊಂದೂವರೆ ಗಂಟೆ ಆಯಿತು. 16 ವಾರಕ್ಕೆ 184.

ವಾರಕ್ಕೆ ಎಂಟು ಗಂಟೆಗಿಂತ ಕಡಿಮೆಯಾದರೆ ಮೊದಲು ಓದಿದ್ದು ಕೊನೆ ಮುಟ್ಟುವ ಹೊತ್ತಿಗೆ ಮರೆತಿರುತ್ತದೆ. ಆಗ ಪರೀಕ್ಷೆಯನ್ನು ಮುಂದಕ್ಕೆ ಹಾಕುವುದೇ ಸರಿ. ಮನೆಯಲ್ಲಿ ತೋಟವಿದ್ದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಫಿ ಕೊಯ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊಯ್ಲಿನ ದಿನಗಳಲ್ಲಿ ಆಳುಗಳ ಊಟ, ಕಣದ ಕೆಲಸ ಎಲ್ಲ ಹೆಗಲಿಗೆ ಬಿದ್ದಾಗ ಪುಸ್ತಕ ತೆರೆಯಲಿಲ್ಲವಲ್ಲ ಎಂದು ಕೊರಗುವುದಕ್ಕಿಂತ, ಮಾರ್ಚ್‌ನಲ್ಲಿ ಶುರು ಮಾಡಿ ಜೂನ್ ಕೊನೆಗೆ ಪರೀಕ್ಷೆ ಇಟ್ಟುಕೊಳ್ಳುವುದು ವಾಸಿ.

ಶಿಫ್ಟ್ ಬದಲಾಗುತ್ತಲೇ ಇರುತ್ತದೆ. ಟೈಂಟೇಬಲ್ ನಿಲ್ಲುವುದೇ ಇಲ್ಲ. ಏನು ಮಾಡಲಿ?

ಗಡಿಯಾರಕ್ಕೆ ಕಟ್ಟಿದ ಟೈಂಟೇಬಲ್ ನಿಲ್ಲುವುದಿಲ್ಲ, ಶಿಫ್ಟಿಗೆ ಕಟ್ಟಿ. 8ರಿಂದ 2ರ ಮಾರ್ನಿಂಗ್ ಇದ್ದಾಗ ಊಟ ಮಾಡಿ ಅರ್ಧ ಗಂಟೆ ಮಲಗಿ ಎದ್ದು, ಸಂಜೆ 4ರಿಂದ ಐದೂವರೆ. 2ರಿಂದ 8ರ ಆಫ್ಟರ್‌ನೂನ್ ಇದ್ದಾಗ ಬೆಳಗಿನ 6ರಿಂದ ಏಳೂವರೆ. ಹೊಸ ವಿಷಯಕ್ಕೆ ಇದೇ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ನೈಟ್ ವಾರದಲ್ಲಿ ಹೊಸದನ್ನು ಮುಟ್ಟಲೇಬೇಡಿ. ಹನ್ನೆರಡು ಗಂಟೆ ನಿಂತು ಬಂದು ಬೆಳಿಗ್ಗೆ 9ಕ್ಕೆ ಓದಿದ್ದು ತಲೆಯಲ್ಲಿ ಕೂರುವುದಿಲ್ಲ. ಮಲಗಿ, ಸಂಜೆ ಎದ್ದಮೇಲೆ ತಪ್ಪಿನ ಪುಸ್ತಕ ತಿರುವಿ ಹಾಕಿ, ಸಾಕು. (ತಪ್ಪಿನ ಪುಸ್ತಕ ಏನು ಎಂಬುದನ್ನು ಕೆಳಗೆ ಹೇಳಿದ್ದೇವೆ.)

ಚಿಕ್ಕ ಮಗು ಇರುವವರು ಒಂದೂವರೆ ಗಂಟೆ ಒಟ್ಟಿಗೇ ಸಿಗಲಿ ಎಂದು ಕಾಯಬೇಡಿ. ಇಪ್ಪತ್ತು ನಿಮಿಷಕ್ಕೆ ಹತ್ತು ಪ್ರಶ್ನೆ ಬಿಡಿಸಬಹುದು. ವಿವರಣೆ ಓದುವುದನ್ನು ಮಗು ಮಲಗಿದ ಮೇಲೆ ಇಟ್ಟುಕೊಳ್ಳಿ.

ಎಲ್ಲಿಂದ ಶುರು ಮಾಡಲಿ? ಮೆಡ್-ಸರ್ಜ್ (ಮೆಡಿಕಲ್-ಸರ್ಜಿಕಲ್ ನರ್ಸಿಂಗ್) ಪುಸ್ತಕವನ್ನು ಮೊದಲ ಪುಟದಿಂದ ಓದಬೇಕಾ?

ಬೇಡ. ಸಮಯ ಕಡಿಮೆ ಇರುವವರು ಮಾಡುವ ದೊಡ್ಡ ತಪ್ಪೇ ಅದು. ಪುಸ್ತಕದ ಮೊದಲ ನೂರು ಪುಟದಲ್ಲಿ ಅರ್ಧಕ್ಕರ್ಧ ನಿಮಗೆ ಗೊತ್ತಿರುವುದೇ. ಗೊತ್ತಿರುವುದನ್ನು ಓದುವಾಗ ಓದು ಸಾಗಿದಂತೆ ಅನಿಸುತ್ತದೆ, ಆದರೆ ಅಂಕ ಏರುವುದಿಲ್ಲ.

ನಮ್ಮ ವಾರ್ಡಿನಲ್ಲಿ ನಡೆಯುವುದಕ್ಕೂ ಈ ಪರೀಕ್ಷೆ ಬಯಸುವುದಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮೊದಲ ಐದು ವಾರ ಹಾಕಿ. ಅನುಭವಿ ನರ್ಸ್‌ಗಳು ಬೀಳುವುದು ಇಲ್ಲೇ. ವಿಷಯ ಗೊತ್ತಿಲ್ಲದೆ ಅಲ್ಲ, ಕೈಗೆ ರೂಢಿಯಾದದ್ದನ್ನೇ ಉತ್ತರವಾಗಿ ಒತ್ತಿ. ಅಂಥ ಜಾಗಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಡಾಕ್ಟರಿಗೆ ಹೇಳುವುದು. ರಕ್ತ ಕೊಡಲು ಶುರು ಮಾಡಿ ಹತ್ತು ನಿಮಿಷವಾಗಿದೆ, ರೋಗಿಗೆ ಚಳಿ, ಸೊಂಟ ನೋವು, ಜ್ವರ ಏರುತ್ತಿದೆ. ಮೊದಲು ಏನು ಮಾಡುತ್ತೀರಿ? ನಮ್ಮಲ್ಲಿ ಕಾಲು ತಾನಾಗಿ ಡ್ಯೂಟಿ ಡಾಕ್ಟರ ಕೋಣೆ ಕಡೆ ಓಡುತ್ತದೆ. ಪರೀಕ್ಷೆಯ ಉತ್ತರ: ಮೊದಲು ರಕ್ತ ನಿಲ್ಲಿಸಿ. ಹಳೆಯ ಟ್ಯೂಬಿಂಗ್ ತೆಗೆದು ಹೊಸ ಟ್ಯೂಬಿಂಗ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಿ. ವೈಟಲ್ಸ್ ನೋಡಿ. ಆಮೇಲೆ ಡಾಕ್ಟರಿಗೂ ಬ್ಲಡ್ ಬ್ಯಾಂಕಿಗೂ ತಿಳಿಸಿ, ಚೀಲವನ್ನೂ ಟ್ಯೂಬನ್ನೂ ಎಸೆಯದೆ ವಾಪಸ್ ಕಳಿಸಿ. ಹಳೆಯ ಟ್ಯೂಬಿನಲ್ಲೇ ಸಲೈನ್ ಬಿಟ್ಟರೆ ಅದರಲ್ಲಿ ಉಳಿದ ರಕ್ತವೆಲ್ಲ ರೋಗಿಯ ಮೈಗೆ ಹೋಗುತ್ತದೆ, ಹೊಸ ಟ್ಯೂಬ್ ಬೇಕಾಗುವುದು ಅದಕ್ಕೇ. ಇದೇ ಬಗೆಯ ಇನ್ನೊಂದು: ಎದೆಗೆ ಹಾಕಿದ ಟ್ಯೂಬ್ ಬಾಟಲಿಯಿಂದ ಕಳಚಿಕೊಂಡರೆ ಮೊದಲು ಟ್ಯೂಬಿನ ತುದಿಯನ್ನು ಸ್ಟೆರೈಲ್ ನೀರಿನ ಬಾಟಲಿಯಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿಸಬೇಕು, ಕರೆ ಮಾಡುವುದು ಆಮೇಲೆ. ನರ್ಸ್ ತಾನೇ ಮಾಡಬಹುದಾದ, ಜೀವ ಉಳಿಸುವ ಕೆಲಸ ಆಯ್ಕೆಗಳಲ್ಲಿ ಇದ್ದರೆ ಅದೇ ಮೊದಲು. ಮಾಡಬೇಕಾದದ್ದೆಲ್ಲ ಆಗಿದೆ ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ ಮಾತ್ರ ಡಾಕ್ಟರಿಗೆ ತಿಳಿಸುವುದು ಸರಿಯುತ್ತರ.

ಎರಡನೆಯದು, ಯಾರನ್ನು ಮೊದಲು ನೋಡುವುದು. ನಾಲ್ವರಿದ್ದಾರೆ ಅಂದುಕೊಳ್ಳಿ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಅಜ್ಜನಿಗೆ ಆಕ್ಸಿಜನ್ ಸ್ಯಾಚುರೇಷನ್ 90. ಸೊಂಟದ ಮೂಳೆ ಮುರಿದವರಿಗೆ ನೋವು ಹತ್ತಕ್ಕೆ ಏಳು. ಸಕ್ಕರೆ ಕಾಯಿಲೆಯವರಿಗೆ ಶುಗರ್ 230. ನಿನ್ನೆ ಥೈರಾಯ್ಡ್ ತೆಗೆಸಿಕೊಂಡ ಹೆಂಗಸಿಗೆ ಬಾಯಿ ಸುತ್ತ ಜುಮುಜುಮು. ಜೋರಾಗಿ ಕೂಗುತ್ತಿರುವವರ ಹತ್ತಿರ ಹೋಗುವುದು ವಾರ್ಡಿನ ರೂಢಿ. ಇಲ್ಲಿ ಹೋಗಬೇಕಾದದ್ದು ಸುಮ್ಮನೆ ಮಲಗಿರುವ ಥೈರಾಯ್ಡ್ ರೋಗಿಯ ಹತ್ತಿರ. ಆ ಜುಮುಜುಮು ಕ್ಯಾಲ್ಸಿಯಂ ಇಳಿದಿದೆ ಎಂದು ಹೇಳುತ್ತಿದೆ, ಮುಂದಿನ ಹೆಜ್ಜೆ ಗಂಟಲು ಬಿಗಿದು ಉಸಿರು ಕಟ್ಟುವುದು. ಸಿಒಪಿಡಿಯಲ್ಲಿ 90 ನಿರೀಕ್ಷಿತವೇ. ಎ-ಬಿ-ಸಿ (ಮೊದಲು ಶ್ವಾಸನಾಳ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ) ಬಾಯಿಪಾಠವಾಗಿದ್ದರೆ ಸಾಲದು. ಈ ಕಾಯಿಲೆಯಲ್ಲಿ ಇದು ಇರುವಂಥದ್ದೇ, ಇರಬಾರದ್ದೇ ಎಂದು ಪ್ರತಿಸಲ ಕೇಳಿಕೊಳ್ಳಬೇಕು.

ಮೂರನೆಯದು, ಕೆಲಸ ಹಂಚುವುದು. ಅಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಕೆಳಗೆ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಇರುತ್ತಾರೆ, ಅವರ ಕೆಳಗೆ ಯುಎಪಿ ಎನ್ನುವ ಸಹಾಯಕರು. ನಮ್ಮಲ್ಲಿ ಎಲ್‌ಪಿಎನ್‌ಗೆ ಸರಿಸಮನಾದವರು ಇಲ್ಲದ್ದರಿಂದ ಇದನ್ನು ಹೊಸದಾಗಿಯೇ ಕಲಿಯಬೇಕು. ಮೊದಲ ಅಸೆಸ್‌ಮೆಂಟ್, ರೋಗಿಗೆ ತಿಳಿವಳಿಕೆ ಕೊಡುವುದು, ಫಲಿತಾಂಶವನ್ನು ತೂಗಿ ನೋಡುವುದು, ಅಸ್ಥಿರ ರೋಗಿ, ಇವೆಲ್ಲ ಆರ್‌ಎನ್ ಬಳಿಯೇ ಉಳಿಯಬೇಕು. ಸ್ಥಿರವಾಗಿರುವ ರೋಗಿಗೆ ಮಾತ್ರೆ ಕೊಡುವುದು, ಡ್ರೆಸ್ಸಿಂಗ್ ಎಲ್‌ಪಿಎನ್‌ಗೆ. ಸ್ನಾನ, ನಡೆದಾಡಿಸುವುದು, ಸ್ಥಿರ ರೋಗಿಯ ವೈಟಲ್ಸ್, ಕುಡಿದ ನೀರು ಮತ್ತು ಮೂತ್ರದ ಲೆಕ್ಕ ಯುಎಪಿಗೆ. ಪಾರ್ಶ್ವವಾಯುವಾದ ರೋಗಿಗೆ ಮೊದಲ ಸಲ ಊಟ ಮಾಡಿಸುವುದನ್ನು ಯುಎಪಿಗೆ ಕೊಟ್ಟಿರುವ ಆಯ್ಕೆ ಕಂಡರೆ ಅದು ಬಲೆ. ನುಂಗಲು ಆಗುತ್ತದೆಯೇ ಎಂದು ಇನ್ನೂ ಯಾರೂ ನೋಡಿಲ್ಲ.

ನಾಲ್ಕನೆಯದು ಮಾತು. ನಾವು ದಿನಕ್ಕೆ ಹತ್ತು ಸಲ "ಹೆದರಬೇಡಿ ಅಮ್ಮ, ಏನೂ ಆಗಲ್ಲ" ಅನ್ನುತ್ತೇವೆ. ಅದು ಕರುಣೆಯ ಮಾತು, ನಮ್ಮ ರೋಗಿಗಳಿಗೆ ಅದರಿಂದ ಧೈರ್ಯವೂ ಬರುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಅದು ತಪ್ಪು ಉತ್ತರ, ಸುಳ್ಳು ಭರವಸೆ ಎಂದು ಎಣಿಸುತ್ತಾರೆ. "ಯಾಕೆ ಹಾಗೆ ಮಾಡಿದಿರಿ" ಎಂದು ಕೇಳುವ ಆಯ್ಕೆಯೂ ತಪ್ಪು, ಸಲಹೆ ಕೊಡುವುದೂ ತಪ್ಪು. "ಆಪರೇಷನ್ ಬಗ್ಗೆ ಭಯವಾಗಿದೆ ಅಂದಿರಿ, ಯಾವುದು ಹೆಚ್ಚು ಕಾಡುತ್ತಿದೆ ಹೇಳಿ" ಎಂಬಂಥ, ರೋಗಿಯನ್ನೇ ಮಾತಾಡಿಸುವ ಆಯ್ಕೆ ಸರಿ.

ಅದಕ್ಕೆ ಸೇರಿಕೊಂಡೇ ಬರುವುದು ಒಪ್ಪಿಗೆ ಮತ್ತು ಗುಟ್ಟು. ಕ್ಯಾನ್ಸರ್ ಎಂದು ತಂದೆಗೆ ಹೇಳಬೇಡಿ ಸಿಸ್ಟರ್ ಎಂದು ಮಕ್ಕಳು ಕೈಮುಗಿಯುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಪ್ರಜ್ಞೆಯಿರುವ ವಯಸ್ಕ ರೋಗಿಯ ನಿರ್ಧಾರ ಅವರದೇ, ಮಾಹಿತಿಯೂ ಅವರದೇ. ಮಗ ಫೋನ್ ಮಾಡಿ ರಿಪೋರ್ಟ್ ಕೇಳಿದರೂ ರೋಗಿಯ ಅನುಮತಿಯಿಲ್ಲದೆ ಹೇಳುವಂತಿಲ್ಲ. ಆಪರೇಷನ್ನಿನ ಲಾಭ, ಅಪಾಯ ವಿವರಿಸುವುದು ಡಾಕ್ಟರ ಹೊಣೆ. ನರ್ಸ್ ಸಹಿಗೆ ಸಾಕ್ಷಿ ಮಾತ್ರ. ರೋಗಿಗೆ ಅರ್ಥವಾಗಿಲ್ಲವೆಂದು ಕಂಡರೆ ತಾನೇ ವಿವರಿಸಲು ಹೋಗದೆ ಡಾಕ್ಟರನ್ನು ಮತ್ತೆ ಕರೆಸಬೇಕು.

ಕೈಕಾಲು ಕಟ್ಟುವ ವಿಷಯವೂ ಹಾಗೆಯೇ. ಇಲ್ಲಿ ಡ್ರಿಪ್ ಕಿತ್ತುಕೊಳ್ಳುವ ರೋಗಿಯ ಕೈಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಕಟ್ಟಿಬಿಡುತ್ತೇವೆ. ಅಲ್ಲಿ ಅದು ಕೊನೆಯ ದಾರಿ. ಡಾಕ್ಟರ ಆದೇಶ ಬೇಕು, "ಬೇಕಾದಾಗ ಕಟ್ಟಿ" ಎಂಬ ಆದೇಶ ನಡೆಯದು. ಥಟ್ಟನೆ ಬಿಚ್ಚುವಂಥ ಗಂಟು ಹಾಕಬೇಕು. ಕಟ್ಟಬೇಕಾದದ್ದು ಹಾಸಿಗೆಯ ಫ್ರೇಮಿಗೆ, ಪಕ್ಕದ ಕಂಬಿಗೆ ಅಲ್ಲ. ಕಂಬಿ ಇಳಿಸಿದರೆ ಕೈ ಜಗ್ಗಿಹೋಗುತ್ತದೆ.

ಔಷಧಿಗಳ ಹೆಸರೇ ಬೇರೆ ಅಂತಾರಲ್ಲ?

ಹೌದು, ಮೊದಲ ವಾರವೇ ಇದನ್ನು ಮುಗಿಸಿ. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಅಡ್ರಿನಲಿನ್ ಎಪಿನೆಫ್ರಿನ್, ನಾರ್‌ಅಡ್ರಿನಲಿನ್ ನಾರ್‌ಎಪಿನೆಫ್ರಿನ್. ಸಾಲ್ಬ್ಯುಟಮಾಲ್ ಆಲ್ಬ್ಯುಟೆರಾಲ್. ಪೆಥಿಡಿನ್ ಮೆಪೆರಿಡಿನ್. ಲಿಗ್ನೊಕೇನ್ ಲಿಡೊಕೇನ್. ರಿಫಾಂಪಿಸಿನ್ ರಿಫಾಂಪಿನ್. ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್.

ಇನ್ನೊಂದು ತೊಡಕು ನಮ್ಮ ಬ್ರ್ಯಾಂಡ್ ಹೆಸರಿನ ರೂಢಿ. ವಾರ್ಡಿನಲ್ಲಿ ಮೊನೊಸೆಫ್, ಎಮಿಸೆಟ್, ಪ್ಯಾಂಟಾಪ್ ಅನ್ನುತ್ತೇವೆ. ಪರೀಕ್ಷೆಯಲ್ಲಿ ಬರುವುದು ಸೆಫ್‌ಟ್ರಯಾಕ್ಸೋನ್, ಆಂಡಾನ್‌ಸೆಟ್ರಾನ್, ಪ್ಯಾಂಟೊಪ್ರಜೋಲ್. ಇದಕ್ಕೆ ಬೇರೆ ಸಮಯ ಬೇಡ. ಡ್ಯೂಟಿಯಲ್ಲಿ ಟ್ರೇ ಹಚ್ಚುವಾಗ ಪ್ರತಿ ವಯಲ್ ಮೇಲಿನ ಸಣ್ಣ ಅಕ್ಷರದ ಜೆನೆರಿಕ್ ಹೆಸರನ್ನು ಓದಿಯೇ ಕೈಗೆತ್ತಿಕೊಳ್ಳಿ. ತಿಂಗಳಲ್ಲಿ ನೂರು ಔಷಧಿ ಬಾಯಿಗೆ ಬಂದಿರುತ್ತವೆ. ಹೆಸರಿನ ಬಾಲ ಹಿಡಿದು ಗುಂಪು ಮಾಡಿಕೊಳ್ಳಿ: ಪ್ರಿಲ್ ಎಂದು ಮುಗಿದರೆ ಒಣ ಕೆಮ್ಮು, ಪೊಟ್ಯಾಸಿಯಂ ಏರಿಕೆ, ಗರ್ಭಿಣಿಗೆ ಬೇಡ. ಓಲಾಲ್ ಎಂದು ಮುಗಿದರೆ ನಾಡಿ ನೋಡದೆ ಕೊಡಬೇಡಿ, ಆಸ್ತಮಾ ಇದೆಯೇ ಕೇಳಿ.

ಇನ್ಸುಲಿನ್ ವಿಷಯದಲ್ಲಿ ವಿಶೇಷ ಎಚ್ಚರ. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್‌ನ ವಯಲ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಇನ್ನೂ ಓಡಾಡುತ್ತಿವೆ. ಅಲ್ಲಿ ಸಾಮಾನ್ಯವಾಗಿ ಮಿ.ಲೀ.ಗೆ 100 ಯೂನಿಟ್.

ಲೆಕ್ಕದಲ್ಲಿ ವೀಕ್ ಇದ್ದೇನೆ.

ಲೆಕ್ಕಕ್ಕೆ ವಾರಕ್ಕೆ ಒಂದು ಗಂಟೆ ಕೊಟ್ಟರೆ ಆರು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ಆದ್ದರಿಂದ ತಪ್ಪುವುದು ಗುಣಾಕಾರದಲ್ಲಲ್ಲ, ಯೂನಿಟ್ ಬದಲಿಸುವಲ್ಲಿ.

ಒಂದು ಉದಾಹರಣೆ ಪೂರ್ತಿ ಮಾಡೋಣ. 250 ಮಿ.ಲೀ.ಯಲ್ಲಿ ಡೋಪಮಿನ್ 400 ಮಿ.ಗ್ರಾಂ. ರೋಗಿಯ ತೂಕ 64 ಕೆ.ಜಿ. ನಿಮಿಷಕ್ಕೆ ಕೆ.ಜಿ.ಗೆ 5 ಮೈಕ್ರೋಗ್ರಾಂ ಕೊಡಬೇಕು. ಪಂಪನ್ನು ಗಂಟೆಗೆ ಎಷ್ಟು ಮಿ.ಲೀ.ಗೆ ಇಡುತ್ತೀರಿ? ಮೊದಲು ಚೀಲದ ಕಡೆ ನೋಡಿ: 400 ಮಿ.ಗ್ರಾಂ ಅಂದರೆ 4,00,000 ಮೈಕ್ರೋಗ್ರಾಂ, ಅದನ್ನು 250ರಿಂದ ಭಾಗಿಸಿದರೆ ಮಿ.ಲೀ.ಗೆ 1,600. ಆಮೇಲೆ ರೋಗಿಯ ಕಡೆ: 5ನ್ನು 64ರಿಂದ ಗುಣಿಸಿದರೆ ನಿಮಿಷಕ್ಕೆ 320, ಅದನ್ನು 60ರಿಂದ ಗುಣಿಸಿದರೆ ಗಂಟೆಗೆ 19,200. ಈಗ 19,200ನ್ನು 1,600ರಿಂದ ಭಾಗಿಸಿ. ಗಂಟೆಗೆ 12 ಮಿ.ಲೀ. ಹೆಚ್ಚಿನವರು ನಿಮಿಷವನ್ನು ಗಂಟೆ ಮಾಡುವುದನ್ನು ಮರೆತು 0.2 ಎಂದು ಬರೆಯುತ್ತಾರೆ. ಡೋಪಮಿನ್ ಗಂಟೆಗೆ 0.2 ಮಿ.ಲೀ. ಓಡುವುದನ್ನು ಎಂದಾದರೂ ಕಂಡಿದ್ದೀರಾ? ಉತ್ತರ ಬಂದಮೇಲೆ ವಾರ್ಡಿನ ಪಂಪನ್ನು ನೆನೆಸಿಕೊಳ್ಳಿ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ತೂಕವನ್ನು ಪೌಂಡಿನಲ್ಲಿ ಕೊಟ್ಟರೆ 2.2ರಿಂದ ಭಾಗಿಸಿ, 154 ಪೌಂಡ್ ಅಂದರೆ 70 ಕೆ.ಜಿ. ದಶಾಂಶವನ್ನು ನಡುವೆ ಎಲ್ಲೂ ತುಂಡರಿಸಬೇಡಿ, ಕೊನೆಯಲ್ಲಿ ಪ್ರಶ್ನೆ ಹೇಳಿದಷ್ಟಕ್ಕೆ ಮಾತ್ರ.

ಲ್ಯಾಬ್ ವ್ಯಾಲ್ಯೂ ಎಷ್ಟು ನೆನಪಿರಬೇಕು?

ಸುಮಾರು ಇಪ್ಪತ್ತು. ಸೋಡಿಯಂ 135–145, ಪೊಟ್ಯಾಸಿಯಂ 3.5–5.0, ಪಿಎಚ್ 7.35–7.45, ಕಾರ್ಬನ್ ಡೈಆಕ್ಸೈಡ್ 35–45, ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ ಸಾಮಾನ್ಯವಾಗಿ 2–3, ಲಿಥಿಯಂ 0.6–1.2, ಹೀಗೆ. ಒಂದೇ ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ಸಂಖ್ಯೆಯ ಪಕ್ಕದಲ್ಲಿ ಅದು ತಪ್ಪಿದರೆ ಏನು ಮಾಡಬೇಕು ಅನ್ನುವುದನ್ನೂ ಬರೆಯಿರಿ, ಬರಿಯ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ಪೊಟ್ಯಾಸಿಯಂ ಕಡಿಮೆ ಇರುವವರಿಗೆ ಡಿಗಾಕ್ಸಿನ್ ಕೊಡುವ ಸಮಯವಾಯಿತು, ಆಗ ಏನು ಎಂದು ಕೇಳುತ್ತಾರೆ.

ಐಸೊಲೇಷನ್?

ಗಾಳಿಯಲ್ಲಿ ಹರಡುವವು: ಕ್ಷಯ, ದಡಾರ, ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್. ಎನ್-95 ಮಾಸ್ಕ್, ನೆಗೆಟಿವ್ ಪ್ರೆಷರ್ ಕೋಣೆ. ಹನಿಯಿಂದ ಹರಡುವವು: ಫ್ಲೂ, ನಾಯಿಕೆಮ್ಮು, ಮಂಗನಬಾವು, ಮೆನಿಂಜೊಕಾಕಲ್ ಮೆನಿಂಜೈಟಿಸ್. ಸ್ಪರ್ಶದಿಂದ ಹರಡುವವು: ಎಂಆರ್‌ಎಸ್‌ಎ (ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ), ಕಜ್ಜಿ, ಸಿ. ಡಿಫ್ (ಭೇದಿ ತರುವ ಬ್ಯಾಕ್ಟೀರಿಯಾ). ಸಿ. ಡಿಫ್‌ಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಆಗಬೇಕು. ತೊಡುವಾಗ ಗೌನ್, ಮಾಸ್ಕ್, ಕನ್ನಡಕ, ಗ್ಲೌಸ್. ಬಿಚ್ಚುವಾಗ ಗ್ಲೌಸ್, ಕನ್ನಡಕ, ಗೌನ್, ಕೊನೆಗೆ ಮಾಸ್ಕ್. ಒಂದು ದಿನದ ಓದು, ಗ್ಯಾರಂಟಿ ಅಂಕ.

ಏನನ್ನು ಬಿಡಬಹುದು?

ಕ್ಯಾನುಲಾ ಹಾಕುವುದು, ಕ್ಯಾಥೆಟರ್, ಇಂಜೆಕ್ಷನ್ ಕೊಡುವ ಜಾಗ, ದಿನವೂ ಕೈಯಲ್ಲಿ ಮಾಡುವಂಥವನ್ನು ಓದಲು ಕೂರಬೇಡಿ. ಪ್ರಶ್ನೆ ಬಿಡಿಸುವಾಗ ತಪ್ಪಿದರೆ ಮಾತ್ರ ನೋಡಿ. ಮಲೆನಾಡಿನ ಮಂಗನ ಕಾಯಿಲೆ, ಹಾವು ಕಡಿತ ನಮಗೆ ದೊಡ್ಡ ವಿಷಯ, ಈ ಪರೀಕ್ಷೆಗೆ ಅಲ್ಲ. ಆದರೆ ಕೀಟನಾಶಕ ಕುಡಿದು ಬಂದವರನ್ನು ನೋಡಿಕೊಂಡ ಅನುಭವ ವ್ಯರ್ಥವಾಗದು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಸೂಜಿಮೊನೆಯಷ್ಟು ಪಾಪೆ, ಇಳಿದ ನಾಡಿ, ಅಟ್ರೊಪಿನ್. ಮಯಸ್ತೇನಿಯಾ ಗ್ರೇವಿಸ್ ರೋಗಿಗೆ ಔಷಧಿ ಹೆಚ್ಚಾದಾಗ ಬರುವ ಕೋಲಿನರ್ಜಿಕ್ ಕ್ರೈಸಿಸ್‌ನಲ್ಲಿಯೂ ಕಾಣುವುದು ಇದೇ ಚಿತ್ರ. ಪುಸ್ತಕದಲ್ಲಿ ಮಾತ್ರ ಓದಿದವರಿಗಿಂತ ನಿಮಗೆ ಇದು ಬೇಗ ಹೊಳೆಯುತ್ತದೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪ್ರಶ್ನೆ ಅರ್ಥವಾಗುವುದೇ ತಡ.

ಭಾಷೆಗಾಗಿ ಐಇಎಲ್‌ಟಿಎಸ್, ಒಇಟಿ ಇತ್ಯಾದಿ ಪರೀಕ್ಷೆಗಳು ಬೇರೆಯೇ ಇವೆ. ಎನ್‌ಕ್ಲೆಕ್ಸ್‌ನ ಇಂಗ್ಲಿಷ್ ಸರಳ, ಎಡವಿಸುವುದು ಕೆಲವೇ ಪದಗಳು. "ನೀಡ್ ಫಾರ್ ಫರ್ದರ್ ಟೀಚಿಂಗ್" ಎಂದು ಬಂದರೆ ರೋಗಿ ಹೇಳಿದ ತಪ್ಪು ಮಾತನ್ನು ಹುಡುಕಬೇಕು. ಓದಿನ ವೇಗದಲ್ಲಿ ಸರಿ ಮಾತನ್ನು ಒತ್ತಿ ಅಂಕ ಕಳೆದುಕೊಳ್ಳುವವರು ಬಹಳ. "ಕ್ವೆಶ್ಚನ್ ದಿ ಪ್ರಿಸ್ಕ್ರಿಪ್ಷನ್" ಅಂದರೆ ಯಾವ ಆದೇಶ ಪಾಲಿಸುವ ಮುನ್ನ ಡಾಕ್ಟರನ್ನು ಕೇಳಬೇಕು ಎಂದರ್ಥ. "ಆಂಟಿಸಿಪೇಟ್" ಅಂದರೆ ಮುಂದೆ ಬರಬಹುದಾದ ಆದೇಶ.

ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರಶ್ನೆಯ ಕೊನೆಯ ಸಾಲು ಓದಿ, ಆಯ್ಕೆಗಳನ್ನು ನೋಡುವ ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ನಾಲ್ಕು ಪದದಲ್ಲಿ ಹೇಳಿಕೊಳ್ಳಿ: "ಯಾವ ಮಾತು ತಪ್ಪು?", "ಮೊದಲು ಏನು ಮಾಡಲಿ?", "ಯಾರನ್ನು ಮೊದಲು ನೋಡಲಿ?" ಹಾಗೆ ಹೇಳಿಕೊಳ್ಳಲು ಬರದಿದ್ದರೆ ಪ್ರಶ್ನೆ ಅರ್ಥವಾಗಿಲ್ಲ, ಮತ್ತೆ ಓದಿ. ಐದು ಸೆಕೆಂಡಿನ ಕೆಲಸ ಇದು.

ಸರಿಯಾದವನ್ನೆಲ್ಲ ಗುರುತಿಸಿ ಅನ್ನುವ ಪ್ರಶ್ನೆಯಲ್ಲಿ ಒಂದು ತಪ್ಪಿದರೆ ಪೂರ್ತಿ ಹೋಯಿತಾ?

ಮೊದಲು ಹಾಗಿತ್ತು. ಈಗ ಸರಿಯಾದ ಒಂದೊಂದಕ್ಕೆ ಒಂದು ಅಂಕ ಸೇರುತ್ತದೆ, ತಪ್ಪಾಗಿ ಗುರುತಿಸಿದ ಒಂದೊಂದಕ್ಕೆ ಒಂದು ಕಳೆಯುತ್ತದೆ. ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಮೂರು ಸರಿ, ಒಂದು ತಪ್ಪು ಒತ್ತಿದರೆ ಎರಡು ಅಂಕ. ಎಲ್ಲವನ್ನೂ ಒತ್ತುವುದು ಹಾನಿ, ಖಚಿತವಿದ್ದಷ್ಟು ಒತ್ತಿ. ಪ್ರತಿ ಆಯ್ಕೆಯನ್ನೂ ಬೇರೆಯೇ ಒಂದು ಹೌದು-ಅಲ್ಲ ಪ್ರಶ್ನೆ ಎಂದು ಓದಿ.

ಕೇಸ್ ಸ್ಟಡಿಗೆ ಹೇಗೆ ತಯಾರಾಗುವುದು?

ಆರು ಪ್ರಶ್ನೆಗಳೂ ಒಂದು ಕ್ರಮದಲ್ಲಿ ಬರುತ್ತವೆ: ಯಾವ ಲಕ್ಷಣ ಮುಖ್ಯ, ಅದರ ಅರ್ಥವೇನು, ಯಾವ ತೊಂದರೆ ಎಲ್ಲಕ್ಕಿಂತ ಮೊದಲು, ಏನೇನು ಮಾಡಬಹುದು, ಈಗ ಏನು ಮಾಡುತ್ತೀರಿ, ಮಾಡಿದ್ದು ಫಲಿಸಿತೇ. ನರ್ಸ್ ನೋಟ್ಸ್, ವೈಟಲ್ಸ್, ಲ್ಯಾಬ್ ಬೇರೆ ಬೇರೆ ಟ್ಯಾಬ್‌ಗಳಲ್ಲಿರುತ್ತವೆ. ಒಂದು ಸಂಖ್ಯೆಗಿಂತ ಅದು ಗಂಟೆಯಿಂದ ಗಂಟೆಗೆ ಎತ್ತ ಹೊರಟಿದೆ ಎಂಬುದನ್ನು ಹಿಡಿಯಿರಿ. ಹೆರಿಗೆಯಾದ ಹೆಂಗಸು, 10 ಗಂಟೆಗೆ ನಾಡಿ 88, ಬಿಪಿ 118/74. ಹತ್ತೂವರೆಗೆ ನಾಡಿ 112, ಬಿಪಿ 104/66. ಗರ್ಭಕೋಶ ಮೆತ್ತಗಿದೆ, ಬಲಕ್ಕೆ ಸರಿದಿದೆ, ಪ್ಯಾಡ್ 15 ನಿಮಿಷದಲ್ಲಿ ನೆಂದಿದೆ. ಬಿಪಿ 104 ಇನ್ನೂ ಪರವಾಗಿಲ್ಲ ಅನ್ನುವವರು ಇಲ್ಲಿ ಎಡವುತ್ತಾರೆ. ನಾಡಿ ಮೊದಲು ಏರಿ ಬಿಪಿ ಆಮೇಲೆ ಬೀಳುತ್ತದೆ. ಬಲಕ್ಕೆ ಸರಿದಿರುವುದು ತುಂಬಿದ ಮೂತ್ರಕೋಶದ ಗುರುತು. ಗರ್ಭಕೋಶ ಉಜ್ಜಿ, ಮೂತ್ರಕೋಶ ಖಾಲಿ ಮಾಡಿಸಿ, ಆಕ್ಸಿಟೋಸಿನ್. ಬಿಪಿ ಜಾಸ್ತಿಯಿದ್ದವರಿಗೆ ಮೆಥರ್ಜಿನ್ ಕೊಡುವುದಿಲ್ಲ ಎಂಬುದು ಐದನೆಯ ಪ್ರಶ್ನೆಯಾಗಿ ಬರಬಹುದು.

ದಿನಕ್ಕೆ ಎಷ್ಟು ಪ್ರಶ್ನೆ ಬಿಡಿಸಬೇಕು?

ಡ್ಯೂಟಿ ದಿನ 25, ರಜೆಯ ದಿನ 75. ನಲವತ್ತು ನಿಮಿಷ ಬಿಡಿಸುವುದು, ಐವತ್ತು ನಿಮಿಷ ವಿವರಣೆ ಓದುವುದು. ಸರಿಯಾದ ಉತ್ತರದ ವಿವರಣೆಯನ್ನೂ ಓದಿ, ಅದೃಷ್ಟದಿಂದ ಸರಿಯಾದದ್ದೂ ಇರುತ್ತದೆ. ದಿನಕ್ಕೆ ನೂರು ಬಿಡಿಸಿ ವಿವರಣೆ ಓದದವರಿಗಿಂತ 25 ಬಿಡಿಸಿ ಪೂರ್ತಿ ಓದಿದವರು ಮುಂದೆ ಹೋಗುತ್ತಾರೆ.

ತಪ್ಪಿನ ಪುಸ್ತಕ ಅಂದರೆ ಇನ್ನೂರು ಪುಟದ ಒಂದು ನೋಟ್‌ಬುಕ್. ಪ್ರತಿ ತಪ್ಪಿಗೂ ಒಂದೇ ಸಾಲು, ಪಕ್ಕದಲ್ಲಿ ಒಂದು ಅಕ್ಷರ. ವಿಷಯ ಗೊತ್ತಿರಲಿಲ್ಲವಾದರೆ "ವಿ", ಪ್ರಶ್ನೆಯನ್ನು ತಪ್ಪಾಗಿ ಓದಿದ್ದರೆ "ಓ", ಯಾವುದು ಮೊದಲು ಎಂಬುದರಲ್ಲಿ ತಪ್ಪಿದರೆ "ಮೊ", ಸರಿಯುತ್ತರ ಒತ್ತಿ ಆಮೇಲೆ ಬದಲಿಸಿದ್ದರೆ "ಬ". ಎರಡು ವಾರಕ್ಕೊಮ್ಮೆ ಎಣಿಸಿ. "ವಿ" ಹೆಚ್ಚಿದ್ದರೆ ಪುಸ್ತಕ ತೆರೆಯಿರಿ. "ಓ" ಹೆಚ್ಚಿದ್ದರೆ ಪುಸ್ತಕ ಓದಿ ಉಪಯೋಗವಿಲ್ಲ, ನಿಧಾನಿಸಬೇಕು. ನೈಟ್ ಮುಗಿಸಿ ಬಿಡಿಸಿದ ದಿನಗಳಲ್ಲೇ "ಓ" ಜಾಸ್ತಿ ಕಾಣುತ್ತದೆಯೇ ಎಂದೂ ನೋಡಿ.

ಕೊನೆಯ ಮೂರು ವಾರದಲ್ಲಿ ಎರಡು ಸಲವಾದರೂ ಒಂದೇ ಕೂರಿಕೆಯಲ್ಲಿ 85 ಪ್ರಶ್ನೆ ಬಿಡಿಸಿ, ಒಮ್ಮೆ 150. ಅಷ್ಟು ಹೊತ್ತು ಕೂರುವ ಬೆನ್ನೂ ಕಣ್ಣೂ ತಯಾರಾಗಬೇಕು.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಕೊಪ್ಪ, ಶೃಂಗೇರಿ, ಕಳಸ, ಮೂಡಿಗೆರೆ, ಸಕಲೇಶಪುರದ ಒಳಹಳ್ಳಿಗಳಲ್ಲಿ ಜುಲೈನಲ್ಲಿ ಇದು ಇದ್ದದ್ದೇ. ನೆಟ್ ಇದ್ದಾಗ ಪ್ರಶ್ನೆ ಬಿಡಿಸಿ ತಪ್ಪಿನ ಪುಸ್ತಕ ತುಂಬಿಸಿಕೊಳ್ಳಿ, ನೆಟ್ ಇಲ್ಲದ ದಿನ ಅದನ್ನೂ ಲೆಕ್ಕವನ್ನೂ ಮಾಡಿ. ಪ್ರಶ್ನೆ ಬ್ಯಾಂಕಿಗೆ ದುಡ್ಡು ಕಟ್ಟಿದ ದಿನದಿಂದಲೇ ಅವಧಿ ಓಡುತ್ತದೆ. ಹಾಗಾಗಿ ಜೂನ್ ಕೊನೆಯಲ್ಲಿ ಮೂರು ತಿಂಗಳ ಚಂದಾ ಕಟ್ಟಬೇಡಿ.

ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ತೊಂದರೆಯಾ?

ದೊಡ್ಡ ತೊಂದರೆ, ಓದು ಶುರು ಮಾಡುವ ಮೊದಲೇ ಸರಿಮಾಡಿಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ "ಸಹನಾ ಎಚ್.ಕೆ." ಎಂದಿರುತ್ತದೆ, ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ "ಸಹನಾ ಹಾಸನ ಕೃಷ್ಣೇಗೌಡ" ಆಗಿರುತ್ತದೆ, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ. ಭಾರತದ ಕೇಂದ್ರದಲ್ಲಿ ಗುರುತಿಗೆ ನಡೆಯುವುದು ಪಾಸ್‌ಪೋರ್ಟ್ ಮಾತ್ರ, ಆಧಾರ್ ನಡೆಯದು. ನೋಂದಣಿಯಲ್ಲಿ ಕೊಟ್ಟ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಬಾಗಿಲಲ್ಲೇ ವಾಪಸ್, ಕಟ್ಟಿದ ಹಣವೂ ಹೋಯಿತು. ಕಾಲೇಜಿನ ದಾಖಲೆಗೂ ಪಾಸ್‌ಪೋರ್ಟಿಗೂ ವ್ಯತ್ಯಾಸವಿದ್ದರೆ ಎರಡೂ ಒಬ್ಬರದೇ ಎನ್ನುವ ನೋಟರಿ ಅಫಿಡವಿಟ್ ಬೇಕಾಗಬಹುದು.

ಅರ್ಜಿ ಮೊದಲೋ, ಓದು ಮೊದಲೋ?

ಅರ್ಜಿ ಮೊದಲು. ಕಾಲೇಜು ಮತ್ತು ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ನರ್ಸಿಂಗ್ ಕೌನ್ಸಿಲ್‌ನಿಂದ ರಿಜಿಸ್ಟ್ರೇಷನ್ ದೃಢೀಕರಣ, ಟ್ರೂಮೆರಿಟ್‌ನಂಥ (ಮೊದಲಿನ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆಯಿಂದ ದಾಖಲೆಗಳ ಪರಿಶೀಲನೆ, ಇವೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತವೆ. ಕೌನ್ಸಿಲ್‌ನಲ್ಲಿ ನವೀಕರಣ ಬಾಕಿಯಿದ್ದರೆ ಅಲ್ಲಿಗೇ ನಿಂತಿತು. ಬೋರ್ಡ್ ಒಪ್ಪಿದ ಮೇಲೆ, ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯಲ್ಲಿ 200 ಡಾಲರ್ ಕಟ್ಟಿ ನೋಂದಾಯಿಸಿದ್ದರೆ, ಎಟಿಟಿ ಎಂಬ ಅನುಮತಿ ಇ-ಮೇಲ್‌ಗೆ ಬರುತ್ತದೆ. ಅಮೆರಿಕದ ಹೊರಗೆ ಬರೆಯುವವರಿಗೆ ದಿನ ಗೊತ್ತುಮಾಡುವಾಗ ಇನ್ನೂ 150 ಡಾಲರ್ ಮತ್ತು ತೆರಿಗೆ. ಎಟಿಟಿಗೆ ಅವಧಿ ಇದೆ, ಸಾಮಾನ್ಯವಾಗಿ 90 ದಿನ, ವಿಸ್ತರಣೆ ಇಲ್ಲ. ಹಾಗಾಗಿ ದಾಖಲೆ ಓಡಾಡುತ್ತಿರುವಾಗ ಮೊದಲ ಎಂಟು ವಾರದ ಓದು ಮುಗಿಸಿ, ಎಟಿಟಿ ಬಂದಮೇಲೆ ಉಳಿದ ಎಂಟು ವಾರ ಇಟ್ಟುಕೊಳ್ಳಿ. ಮೂಲ ಮಾರ್ಕ್ಸ್ ಕಾರ್ಡುಗಳನ್ನು ಯಾವ ಏಜೆಂಟರ ಕೈಗೂ ಒಪ್ಪಿಸಿ ಬರಬೇಡಿ. ಪರೀಕ್ಷೆ ಬರೆಯದೆ ಪಾಸ್ ಮಾಡಿಸುತ್ತೇವೆ ಅನ್ನುವವರು ಮೋಸಗಾರರು, ಅಷ್ಟೇ.

ಪರೀಕ್ಷೆ ದಿನ ಬೆಂಗಳೂರಿಗೆ ಹೇಗೆ ಹೋಗಲಿ?

ಹಿಂದಿನ ದಿನವೇ ಹೋಗಿ. ಹಾಸನದಿಂದ ಸುಮಾರು 185 ಕಿ.ಮೀ., ಚಿಕ್ಕಮಗಳೂರಿನಿಂದ ಸುಮಾರು 245. ರಾತ್ರಿ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಪರೀಕ್ಷೆಗೆ ಇಳಿಯುವುದು ನೈಟ್ ಡ್ಯೂಟಿ ಮುಗಿಸಿ ಪರೀಕ್ಷೆ ಬರೆದಂತೆ. ಹಾಸನದವರಿಗೆ ಶ್ರವಣಬೆಳಗೊಳದ ಮೇಲೆ ಹೋಗುವ ರೈಲೂ ಇದೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದಿರುವ ದಿನಗಳಲ್ಲಿ ಬಸ್ ಸಿಗುವುದು ಕಷ್ಟ, ರಜೆಯೂ ಕಷ್ಟ. ಆ ವಾರ ಬಿಟ್ಟು ಬೇರೆ ದಿನ ಗೊತ್ತುಮಾಡಿ. ಪರೀಕ್ಷೆಯ ಹಿಂದಿನ ಎರಡು ರಾತ್ರಿ ಡ್ಯೂಟಿ ಬೀಳದಂತೆ ಇನ್‌ಚಾರ್ಜ್ ಸಿಸ್ಟರ್‌ಗೆ ತಿಂಗಳ ಮುಂಚೆಯೇ ಹೇಳಿಡಿ.

ಅರ್ಧ ಗಂಟೆ ಮುಂಚೆ ಕೇಂದ್ರದಲ್ಲಿರಿ. ಫೋಟೋ, ಸಹಿ, ಅಂಗೈ ಸ್ಕ್ಯಾನ್ ಆಗುತ್ತದೆ. ಫೋನ್, ವಾಚ್ ಒಳಗೆ ಬಿಡುವುದಿಲ್ಲ. ಅಳಿಸಬಹುದಾದ ಬೋರ್ಡ್, ಪೆನ್ ಅವರೇ ಕೊಡುತ್ತಾರೆ. ಪರೀಕ್ಷೆ ಶುರುವಾಗಿ ಎರಡು ಗಂಟೆಯಾದ ಮೇಲೆ ಒಂದು ಬಿಡುವು, ಮೂರೂವರೆ ಗಂಟೆಯಾದ ಮೇಲೆ ಇನ್ನೊಂದು. ಬೇಕಿದ್ದರೆ ತೆಗೆದುಕೊಳ್ಳಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಆದರೂ ಮೊದಲ ಬಿಡುವನ್ನು ತೆಗೆದುಕೊಳ್ಳಿ, ನೀರು ಕುಡಿದು ಎರಡು ನಿಮಿಷ ಕಣ್ಣು ಮುಚ್ಚಿ.

85ಕ್ಕೇ ಕಂಪ್ಯೂಟರ್ ನಿಂತುಹೋಯಿತು. ಫೇಲಾ?

ಎರಡೂ ಆಗಿರಬಹುದು. ಪಾಸ್ ಆದವರಿಗೂ 85ಕ್ಕೆ ನಿಲ್ಲುತ್ತದೆ, ಆಗದವರಿಗೂ ನಿಲ್ಲುತ್ತದೆ. 150ಕ್ಕೆ ಹೋದರೂ ಅಷ್ಟೇ, ಕೊನೆಯ ಪ್ರಶ್ನೆವರೆಗೂ ನೀವು ಗೆರೆಯ ಹತ್ತಿರವೇ ಇದ್ದಿರಿ ಎಂದಷ್ಟೇ ಅರ್ಥ. ಅಧಿಕೃತ ಫಲಿತಾಂಶ ಕಳಿಸುವುದು ಬೋರ್ಡ್.

ಫೇಲಾದರೆ?

45 ದಿನ ಬಿಟ್ಟು ಮತ್ತೆ ಬರೆಯಬಹುದು. ನೋಂದಣಿ, ಶುಲ್ಕ ಎಲ್ಲ ಹೊಸದಾಗಿ. ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಕೆಲವು ರಾಜ್ಯಗಳಲ್ಲಿ ಮಿತಿಯಿದೆ. ಪಾಸಾಗದವರಿಗೆ ಒಂದು ವರದಿ ಬರುತ್ತದೆ, ಯಾವ ಭಾಗದಲ್ಲಿ ಗೆರೆಗಿಂತ ಮೇಲೆ, ಹತ್ತಿರ, ಕೆಳಗೆ ಇದ್ದಿರಿ ಎಂದು ಅದರಲ್ಲಿರುತ್ತದೆ. ಅದನ್ನು ತಪ್ಪಿನ ಪುಸ್ತಕದ ಪಕ್ಕದಲ್ಲಿಟ್ಟು ಓದಿ. "ಕೆಳಗೆ" ಎಂದಿರುವ ಭಾಗಗಳಿಗೆ ಮೊದಲ ನಾಲ್ಕು ವಾರ, "ಹತ್ತಿರ" ಎಂದಿರುವವಕ್ಕೆ ಎರಡು ವಾರ. "ಮೇಲೆ" ಎಂದಿರುವ ಭಾಗಕ್ಕೆ ವಾರಕ್ಕೆ ಹತ್ತು ಪ್ರಶ್ನೆ ಬಿಡಿಸುತ್ತಿದ್ದರೆ ಸಾಕು. ಪ್ರಶ್ನೆ ಬ್ಯಾಂಕ್ ಮಾತ್ರ ಬೇರೆಯದು ತೆಗೆದುಕೊಳ್ಳಿ. ಹಳೆಯದರಲ್ಲಿ ಉತ್ತರ ನೆನಪಿನಿಂದ ಬರುತ್ತದೆ, ಅಂಕ ಏರಿದಂತೆ ಕಾಣುತ್ತದೆ.